ನಡುವಿನ ಕುರ್ಚಿ

ಹೋದ ತಿಂಗಳು ಕಣ್ಣು ತೋರಿಸಿಕೊಳ್ಳಲು ನಂಜನಗೂಡಿಗೆ ಹೋಗಿದ್ದೆ. ಬಜಾರ್ ಬೀದಿಯಲ್ಲಿ ಯಾರೋ ಕಾಫಿ ಬೀಜ ಹುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತಿತು. ಮಿಕ್ಕವರಿಗೆ ಆ ವಾಸನೆ ಬಂದರೆ ಕಾಫಿ ಕುಡಿಯಬೇಕು ಅನ್ನಿಸುತ್ತದಂತೆ. ನನಗೆ ಯಾರನ್ನಾದರೂ ಬೈಯಬೇಕು ಅನ್ನಿಸುತ್ತದೆ.

"ಯಾಕಜ್ಜಿ ನಿಂತ್ಕಂಡೆ? ಕಾಲು ನೋಯ್ತಾ?" ಎಂದಳು ಮೊಮ್ಮಗಳು ಚೈತ್ರ.

"ಮೇಲೆ ನೋಡು. ಈ ಕಾಫಿಪುಡಿ ಅಂಗಡಿ ಮಾಳಿಗೆ ಮೇಲೆ ಒಬ್ಬಳು ಕುಂತಿರ್ತಿದ್ಲು. ನಿಮ್ಮಪ್ಪಂಗೆ ನಿಮ್ಮವ್ವನ್ನ ಮಾತಾಡ್ಸೋದು ಕಲಿಸ್ದೋಳು."

"ಅಪ್ಪಂಗೆ ಮಾತು ಬತ್ತಿರ್ನಿಲ್ವಾ?"

"ಬತ್ತಿತ್ತು. ನನ್ನ ಬಾಯಲ್ಲಿ ಬತ್ತಿತ್ತು."

ಚೈತ್ರ ನಕ್ಕಳು. ಅವಳಿಗೆ ಅದು ತಮಾಷೆ. ಆ ವರ್ಷ ಅವಳು ಇನ್ನೂ ಮೂರು ವರ್ಷದ ಕೂಸು, ಅವ್ವನ ಸೊಂಟದ ಮೇಲೆ ಬೆರಳು ಚೀಪಿಕೊಂಡು ಕೂತಿದ್ದವಳು. ಊರಿಗೆಲ್ಲ ಟಿವಿ ಬಂದಿತ್ತು, ಮೊಬೈಲ್ ಇನ್ನೂ ಮೇಷ್ಟ್ರುಗಳ ಜೇಬಿನಲ್ಲಿ ಮಾತ್ರ ಇತ್ತು. ಅಂಥ ಒಂದು ವರ್ಷದ ನಾಟಿಯಿಂದ ಕೊಯ್ಲಿನವರೆಗಿನ ಕತೆ ಇದು.

ಮೊದಲು ನಮ್ಮ ಮನೆಯ ರೂಢಿ ಹೇಳಬೇಕು, ಇಲ್ಲದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ. ಹದಿನಾರು ಎನ್ನುವ ಊರಿಗೆ ಹತ್ತಿರದ ನಮ್ಮೂರಿನಲ್ಲಿ, ಅದರಲ್ಲೂ ನಾನು ಸೇರಿದ ಮನೆಯಲ್ಲಿ, ಗಂಡ ಹೆಂಡತಿ ಎದುರೆದುರು ನಿಂತು ಮಾತಾಡುವಂತಿರಲಿಲ್ಲ. ಹೆಂಡತಿ ಹೇಳಬೇಕಾದ್ದನ್ನು ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ಮುಟ್ಟಿಸುತ್ತಾಳೆ. ಅವನ ಉತ್ತರವೂ ಅದೇ ದಾರಿಯಲ್ಲಿ ವಾಪಸ್ಸು. "ನೀರು ಕಾದದೆಯಂತೆ", "ನಾಳೆ ಸಂತೆಗೆ ಓಯ್ತಾರಂತೆ", "ಮಗೀಗೆ ಜ್ವರವಂತೆ". ನಮ್ಮ ಮನೆಯ ಮಾತೆಲ್ಲ ಈ ಅಂತೆಯಲ್ಲೇ ನಡೆಯುತ್ತಿತ್ತು. ಅದನ್ನು ಯಾರೂ ಕಷ್ಟ ಎಂದುಕೊಳ್ಳಲಿಲ್ಲ. ಹಾಗಾದರೆ ಮಕ್ಕಳು ಹೇಗಾದವು ಎಂದು ಕೇಳಬೇಡಿ. ಅದಕ್ಕೆ ಮಾತು ಬೇಕಾಗಿರಲಿಲ್ಲ.

ನಮ್ಮತ್ತೆ ತೀರಿಕೊಂಡ ಮೇಲೆ ನನಗೂ ನಮ್ಮೆಜಮಾನರಿಗೂ ನಡುವೆ ಮಗ ಮಾದೇವ ನಿಂತ. ಅವನಿಗೆ ಮದುವೆಯಾಗಿ ಸೊಸೆ ಶಶಿಕಲಾ ಬಂದ ಮೇಲೆ ಅವಳು ನಿಂತಳು. "ನಿಮ್ಮಾವಂಗೆ ಏಳವ್ವ" ಎಂದು ಅವಳಿಗೆ ಹೇಳಿದರೆ ಸಾಕು. ಮಾದೇವನಿಗೂ ಅವಳಿಗೂ ನಡುವೆ ನಾನು ನಿಂತೆ. ಆ ಜಾಗಕ್ಕೆ ನಾನು ಎಷ್ಟು ವರ್ಷ ಕಾದಿದ್ದೆ ಅನ್ನುವುದು ಅತ್ತೆಯಾದವರಿಗೇ ಗೊತ್ತು. ಮಗನ ಮನಸ್ಸು ಮೊದಲು ನನ್ನ ಕಿವಿಗೆ ಬೀಳುತ್ತದೆ, ಸೊಸೆಯದೂ ನನ್ನ ಕಿವಿಗೇ. ಇದಕ್ಕಿಂತ ದೊಡ್ಡ ಅಧಿಕಾರ ಒಂದು ಮನೆಯಲ್ಲಿ ಇನ್ನೇನಿದೆ?

ಮಾತನ್ನು ಹಾಗೇ ಹಸಿಹಸಿಯಾಗಿ ಮುಟ್ಟಿಸುವುದು ದಡ್ಡರ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಬೇಕು. ಉದ್ದದ್ದನ್ನು ತುಂಡು ಮಾಡಬೇಕು. ನನ್ನ ಕೈಗೆ ಅದು ಚೆನ್ನಾಗಿ ಹತ್ತಿತ್ತು. ಬರೀ ನಮ್ಮ ಮನೆಯದಲ್ಲ, ಬೀದಿಯ ಗಂಡ ಹೆಂಡಿರ ಜಗಳವೂ ನಮ್ಮ ಜಗಲಿಗೆ ಬರುತ್ತಿತ್ತು. ಒಂದು ಎಲೆ ಅಡಿಕೆ ಜಗಿದು ಉಗಿಯುವಷ್ಟರಲ್ಲಿ ಯಾರದು ತಪ್ಪು ಎಂದು ಹೇಳಿ ಕಳಿಸುತ್ತಿದ್ದೆ.

ಆ ವರ್ಷ ನಾಲೆಗೆ ನೀರು ಬಿಡುವ ಹೊತ್ತಿಗೆ ನಮ್ಮ ಮನೆಯಲ್ಲೇ ಕೆಟ್ಟಿತು. ನಂಜನಗೂಡಿನ ಹತ್ತಿರ ಬಟ್ಟೆ ಹೊಲಿಯುವ ಕಾರ್ಖಾನೆಯೊಂದಕ್ಕೆ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದರು. ಶಶಿ ಪಿಯುಸಿ ಓದಿದವಳು. ನಾನೂ ಹೋಗುತ್ತೇನೆ ಎಂದು ನನ್ನ ಕೈಲಿ ಹೇಳಿ ಕಳಿಸಿದಳು. ಮಾದೇವ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಕೇಳಿದೆ. ಅವನು ಹೇಳಿದ. ನಾನು ಅಡುಗೆಮನೆಗೆ ಬಂದು "ಬ್ಯಾಡವಂತೆ" ಎಂದೆ. ಅವಳೂ ಏನೋ ಹೇಳಿದಳು, ಅದನ್ನೂ ಹೋಗಿ ಮುಟ್ಟಿಸಿದೆ. ಹೀಗೇ ನಾಲ್ಕು ದಿನ ಓಡಾಡಿದೆ. ಐದನೆಯ ದಿನ ಅವಳು ಮಗುವನ್ನು ಎತ್ತಿಕೊಂಡು, ನರಸೀಪುರದಾಚೆಯ ತನ್ನ ತವರಿಗೆ ಬಸ್ಸು ಹತ್ತಿದಳು. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಅವಳು ಹೋದ ಮೇಲೆ ಮನೆಗೆ ಮನೆಯೇ ಮೂಗಾಯಿತು. ನನಗೂ ನಮ್ಮೆಜಮಾನರಿಗೂ ನಡುವೆ ಇದ್ದವಳೂ ಅವಳೇ ಅಲ್ಲವೆ? ಅವರು ಜಗಲಿಯಲ್ಲಿ ಕೂತು ಕೆಮ್ಮುತ್ತಿದ್ದರು, ನಾನು ಒಳಗಿಂದ ಲೋಟ ಕುಕ್ಕುತ್ತಿದ್ದೆ. ಅದೇ ನಮ್ಮ ಸಂಭಾಷಣೆ.

ನಾಟಿ ಮುಗಿದ ಮೇಲೆ ಶಶಿಯ ಅಣ್ಣ ನಾಗರಾಜ ಬಂದ. ಜಗಲಿಯಲ್ಲಿ ಕೂರಲೂ ಇಲ್ಲ.

"ನೋಡಿ ಅತ್ತೆ, ನಮ್ಮ ಕಡೆ ಹಿರೀಕರು ನ್ಯಾಯ ಮಾಡಿ ಸಂಬಂಧ ಬುಡಿಸ್ಕಂಡ್ಬುಡವ ಅಂತಾವ್ರೆ. ನಮ್ಮ ಶಶಿನೇ ತಡೆದವ್ಳೆ. ನಂಜನಗೂಡಲ್ಲಿ ಸಲಹಾ ಕೇಂದ್ರ ಅಂತ ಅದೆಯಂತೆ, ಗಂಡ ಹೆಂಡ್ತಿ ಕೂರಿಸ್ಕಂಡು ಮಾತಾಡ್ತಾರಂತೆ. ಕೊಯ್ಲು ಮುಗಿಯೋಗಂಟ ನೋಡ್ತಾಳಂತೆ. ಆಗ್ನಿಲ್ಲ ಅಂದ್ರೆ ನ್ಯಾಯವೇ ಸೈ."

"ಕುಟುಂಬದ ಮಾತು ಪ್ಯಾಟೇಲಿ ಆಡೋದಾ?"

"ಅಳ್ಳೀಲಿ ಆಡೋಕೆ ನೀವು ಬುಟ್ಟಿದ್ರೆ ತಾನೆ?" ಎಂದು ಹೊರಟೇಹೋದ. ಬಾಯಿ ಜೋರು ಅವನದು.

ಆ ಕೇಂದ್ರಕ್ಕೆ ವಾರವಾರವೂ ಮಂಗಳವಾರ ಹೋಗಬೇಕಿತ್ತು. ಮೊದಲ ಮಂಗಳವಾರ ನಾನೂ ಹೊರಟೆ. ಹಿರಿಯರಿಲ್ಲದೆ ನ್ಯಾಯಕ್ಕೆ ಹೋಗುವುದುಂಟೆ? ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಎಲೆ ಅಡಿಕೆ ಬಾಳೆಹಣ್ಣು ತಟ್ಟೆಯಲ್ಲಿಟ್ಟು ಚೌಕದ ಬಟ್ಟೆ ಮುಚ್ಚಿಕೊಂಡು ಹೋದೆ. ನಂಜನಗೂಡಿನ ಸೇತುವೆಯ ಮೇಲೆ ಬಸ್ಸು ನಿಂತಾಗ ಕಪಿಲೆ ಕೆಂಪಗೆ ತುಂಬಿಕೊಂಡು ಹರಿಯುತ್ತಿದ್ದಳು, ಜಿನುಗು ಮಳೆ. ಕಾಫಿಪುಡಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಒಂದು ಕೋಣೆ. ಕೆಳಗಿನ ಹುರಿದ ವಾಸನೆಯೆಲ್ಲ ಮೇಲೇರಿ ಅಲ್ಲೇ ನಿಂತಿತ್ತು. ಒಂದು ಮೇಜು, ಕುರ್ಚಿಗಳು, ನೀರಿನ ಹೂಜಿ. ಮೇಜಿನ ಹಿಂದೆ ವಿಮಲಾ ಮೇಡಂ. ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಸಣ್ಣ ದೇಹ, ಹತ್ತಿಯ ಸೀರೆ, ಕೊರಳು ಬೋಳು. ಮದುವೆಯೇ ಆಗಿಲ್ಲವೆಂದು ಕೆಳಗಿನ ಅಂಗಡಿಯವನನ್ನು ವಿಚಾರಿಸಿಕೊಂಡೇ ಹತ್ತಿದ್ದೆ. ಈಜು ಬಾರದವಳು ಇನ್ನೊಬ್ಬರನ್ನು ದಡ ಸೇರಿಸುತ್ತಾಳಂತೆ ಎಂದುಕೊಂಡೆ.

ಶಶಿ ಮೊದಲೇ ಬಂದು ಒಂದು ಮೂಲೆಗೆ ಕೂತಿದ್ದಳು. ಮಾದೇವ ಇನ್ನೊಂದು ಮೂಲೆಗೆ ಹೋದ. ನಾನು ನಡುವಿನ ಕುರ್ಚಿಯಲ್ಲಿ ಕೂತೆ. ತಟ್ಟೆಯನ್ನು ಮೇಡಂ ಮುಂದೆ ಸರಿಸಿದೆ.

ಅವಳು ಚೌಕ ಸರಿಸಿ ನೋಡಿದಳು. ಒಂದು ಬಾಳೆಹಣ್ಣು ತೆಗೆದುಕೊಂಡು ತಟ್ಟೆಯನ್ನು ನನ್ನ ಕಡೆಗೇ ತಳ್ಳಿದಳು.

"ಹಣ್ಣು ತಗೋತೀನಮ್ಮ. ಎಲೆ ಅಡಿಕೆ ತಗೊಂಡ್ರೆ ನಾನು ತೀರ್ಪು ಹೇಳ್ಬೇಕಾಗುತ್ತೆ ಅಲ್ವಾ? ಅದು ನನ್ನ ಕೈಲಾಗಲ್ಲ."

"ತೀರ್ಪು ಏಳ್ದೆ ಇನ್ನೇನ್ ಮಾಡ್ತೀಯವ್ವ ಇಲ್ಲಿ?"

"ಕೇಳಿಸ್ಕೋತೀನಿ."

"ಅಷ್ಟಕ್ಕೆ ಮೈಸೂರಿಂದ ಬರ್ಬೇಕಾಗಿತ್ತಾ? ನಮ್ಮೂರ ಬಸವನೂ ಕೇಳಿಸ್ಕತಾನೆ."

ಅವಳು ನಕ್ಕುಬಿಟ್ಟಳು. ಸಿಟ್ಟು ಬರಲಿಲ್ಲ ಅವಳಿಗೆ. ಅದೇ ನನಗೆ ಸಿಟ್ಟು ತರಿಸಿತು. ಸರಿ, ನಾನೇ ಎರಡೂ ಕಡೆಯ ಮಾತನ್ನು ಶುರು ಮಾಡಿದೆ. ನಮ್ಮ ಹುಡುಗ ಹೀಗೆ ಅಂದ, ಈ ಹುಡುಗಿ ಹೀಗೆ ಅಂದಳು. ಮೇಡಂ ಪೂರ್ತಿ ಕೇಳಿದಳು. ಆಮೇಲೆ ಎದ್ದು ಬಂದು, "ಅಮ್ಮ, ಒಂದು ನಿಮಿಷ ಏಳ್ತೀರಾ?" ಎಂದಳು. ಎದ್ದೆ. ನನ್ನ ಕುರ್ಚಿಯನ್ನು ಎತ್ತಿ ಕಿಟಕಿಯ ಪಕ್ಕ ಹಾಕಿದಳು. ಅವರಿಬ್ಬರ ಕುರ್ಚಿಗಳನ್ನು ಮೂಲೆಯಿಂದ ಎಳೆದು ಎದುರುಬದುರು ಇಟ್ಟಳು.

"ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಕೂತ್ಕೊಳ್ಳಿ" ಎಂದಳು.

ಗಾಳಿ! ಇಷ್ಟು ವರ್ಷ ಕಾದು ಸಿಕ್ಕಿದ ಜಾಗ ನನ್ನದು. ಅದನ್ನು ಅವಳು ಒಂದು ಕೈಯಲ್ಲಿ ಎತ್ತಿ ಕಿಟಕಿಗೆ ಒರಗಿಸಿದಳು. ಅವತ್ತಿನಿಂದ ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಅವಳ ಕೆಲಸದ ರೀತಿ ಹೀಗಿತ್ತು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬಾಯಿ ಹಾಕಬಾರದು. ಆಮೇಲೆ ಕೇಳಿದವರು, ತಮಗೆ ಏನು ಕೇಳಿಸಿತು ಎಂದು ಮೊದಲು ಹೇಳಬೇಕು. ಹೇಳಿದವರು "ಹೌದು, ಅದೇ" ಎಂದ ಮೇಲೆಯೇ ತಮ್ಮ ಉತ್ತರ. ಮೂರು ವರ್ಷದ ಮಗುವಿಗೆ ಕಲಿಸುವ ಆಟದ ಹಾಗೆ ಕಾಣುತ್ತಿತ್ತು. ಮೊದಲ ಎರಡು ವಾರ ಇಬ್ಬರೂ ಆಟ ಆಡಲಿಲ್ಲ. ಮಾದೇವ ನೆಲ ನೋಡುತ್ತಿದ್ದ. ಶಶಿ ಕಿಟಕಿಯ ಕಡೆ, ಎಂದರೆ ನನ್ನ ಕಡೆ ನೋಡಿ, "ಅವ್ರಿಗೆ ಏಳಿ ಅತ್ತೆ" ಎನ್ನುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ, "ಅವರು ಎದುರಿಗೇ ಇದಾರೆ ಶಶಿ" ಎನ್ನುತ್ತಿದ್ದಳು. ಮತ್ತೆ ಮೌನ. ನಾನಾಗಿದ್ದರೆ ಅಷ್ಟು ಹೊತ್ತಿಗೆ ಎರಡು ಮನೆಯ ಜಗಳ ತೀರಿಸಿ ಒಲೆ ಹಚ್ಚುತ್ತಿದ್ದೆ. ಅವಳು ಹಾಗೇ ಕಾಯುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕಾಯುವುದಕ್ಕೂ ಓದು ಬೇಕು ಎಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ವಾರ ಮಾದೇವ ಬಾಯಿ ಬಿಟ್ಟ. ತಲೆ ಎತ್ತದೆ, "ಅವ್ಳು ನನ್ನ ಮಾತು ಕಡೆಗಣಿಸಿದ್ಲು ಮೇಡಂ. ಮಗೀನ ಸ್ಕೂಲಿಗೆ ಸೇರಿಸ್ಬುಡವ, ಆಮೇಲೆ ಓಗ್ಲಿ, ನಾನೇ ಬೇಕಾದ್ರೆ ಗಾಡೀಲಿ ಬುಟ್ಟು ಬತ್ತೀನಿ ಅಂದಿದ್ದೆ. ಅದಕ್ಕೂ ಒಪ್ನಿಲ್ಲ" ಎಂದ.

ಶಶಿ ಅವನು ಹೇಳಿದ್ದನ್ನು ವಾಪಸ್ಸು ಹೇಳಬೇಕಿತ್ತು. ಹೇಳಲಿಲ್ಲ. ಕಿಟಕಿ ಬಿಟ್ಟು ಅವನ ಕಡೆಗೆ ತಿರುಗಿದಳು.

"ನೀವು ಹಂಗಂದ್ರಾ?" ಅದು ಅವಳು ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು. "ನಂಗೆ ಬಂದಿದ್ದು, ಬ್ಯಾಡವಂತೆ. ಅಷ್ಟೇ."

"ನೀನು ಮತ್ತೆ, ಓದಿದೋಳು, ಮನೇಲಿ ಕುಂತಿರೋಕ್ಕಾಗಲ್ಲ ಅಂದ್ಯಂತೆ?"

"ನಾನಾ? ನೀವು ಒಬ್ರೇ ಬಿಸ್ಲಲ್ಲಿ ಬೇಯೋದು ನೋಡೋಕ್ಕಾಗಲ್ಲ, ಓದಿದ್ದು ಒಲೆಗೆ ಆಕೋಕಾ ಅಂದೆ."

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆಗೆ ತಿರುಗಿ ನನ್ನನ್ನು ನೋಡಿದರು. ಮೂರು ತಿಂಗಳಿಂದ ಒಂದೇ ದಿಕ್ಕಿಗೆ ನೋಡದವರು ಅವತ್ತು ಒಂದೇ ದಿಕ್ಕಿಗೆ ನೋಡಿದರು.

"ಏನ್ರೋ?" ಎಂದೆ. "ಅಷ್ಟುದ್ದ ಮಾತು ಒತ್ಕಂಡು ಅಡುಗೆಮನೆಗೆ ಓಗೋಷ್ಟರಲ್ಲಿ ಹಾಲು ಉಕ್ಕೋಗ್ತದೆ. ಸಾರಾಂಶ ಏಳಿದ್ದೀನಿ. ಬ್ಯಾಡ ಅಂದ್ರೂ ಈಗ ಬ್ಯಾಡ ಅಂದ್ರೂ ಅವತ್ತಿಗೆ ಬ್ಯಾಡ ತಾನೆ?"

ಮಾದೇವನ ಮುಖ ಕೆಂಪಾಯಿತು. ಮೇಡಂ ಕೈ ಎತ್ತಿದಳು.

"ಇಷ್ಟು ವರ್ಷ ಈ ಮನೆ ಮಾತೆಲ್ಲ ಇವರೊಬ್ಬರೇ ಹೊತ್ತಿದ್ದಾರೆ. ನಿಮಗೆ ಭಾರ ಆಗ್ಲಿಲ್ವಾ ಅಮ್ಮ?"

ನನ್ನ ಪರವಾಗಿ ಮಾತಾಡಿದಳು ಎಂದು ನೀವು ಅನ್ನಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ನನ್ನ ತಲೆಯ ಮೇಲಿನ ಕೊಡವನ್ನೂ ಸಿಂಬಿಯನ್ನೂ ಕಿತ್ತುಕೊಂಡು, ಭಾರ ಇಳಿಸಿದೆ ನೋಡು ಎಂದ ಹಾಗಿತ್ತು. ಭಾರವೆಂದು ಯಾವಳು ಹೇಳಿದ್ದು? ಅವತ್ತು ಅವಳು ಒಂದು ಪಥ್ಯವನ್ನೂ ಹೇಳಿದಳು. ಇನ್ನು ಮೇಲೆ ಏನೇ ಇದ್ದರೂ ನನ್ನ ಕೈಲಿ ಹೇಳಿ ಕಳಿಸಬಾರದು. ಶಶಿ ತವರಿನಲ್ಲಿದ್ದರೂ ಸರಿ, ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಮನೆಗೆ ಫೋನ್ ಮಾಡಲಿ, ಮಾದೇವನೇ ಹೋಗಿ ಎತ್ತಬೇಕು.

ಅಂದರೆ ನನಗೆ ಕೆಲಸ ಹೋಯಿತು.

ಪಕ್ಕದ ಮನೆಯಿಂದ "ಮಾದೇವಣ್ಣಾ, ಫೋನು" ಎಂದು ಕೂಗಿದರೆ ಅವನು ಉಣ್ಣುತ್ತಿದ್ದ ಮುದ್ದೆ ಬಿಟ್ಟು ಓಡುತ್ತಿದ್ದ. ವಾಪಸ್ಸು ಬಂದಾಗ "ಏನಂತೆ?" ಎಂದು ಕೇಳುತ್ತಿದ್ದೆ. "ಏನಿಲ್ಲ ಕಣವ್ವ" ಎನ್ನುತ್ತಿದ್ದ. ಏನಿಲ್ಲದ್ದಕ್ಕೆ ಮುಖದಲ್ಲಿ ಅಷ್ಟು ಬೆಳಕು ಯಾಕೆ? ಒಂಬತ್ತು ತಿಂಗಳು ಹೊತ್ತ ನನ್ನ ಹತ್ತಿರ ಏನಿಲ್ಲ, ಆ ಬೋಳುಕೊರಳಿನವಳ ಹತ್ತಿರ ಎಲ್ಲ. ಶಶಿಯ ಮೇಲೆ ನನಗೆ ಅಷ್ಟು ಉರಿ ಇರಲಿಲ್ಲ, ಸೊಸೆ ಮಗನನ್ನು ಕಿತ್ತುಕೊಳ್ಳುತ್ತಾಳೆ ಎಂದು ಎಲ್ಲರೂ ಮೊದಲೇ ಹೇಳಿರುತ್ತಾರೆ. ಆದರೆ ಮೇಡಂ? ಅವಳು ನಮಗೆ ಏನಾಗಬೇಕು? ಸೋದರತ್ತೆಯೆ, ಚಿಕ್ಕಮ್ಮನೆ?

ಬೀದಿಯ ಹೆಂಗಸರೂ ನನ್ನನ್ನು ಬಿಡಲಿಲ್ಲ. ನಲ್ಲಿಯ ಹತ್ತಿರ ಒಬ್ಬಳು, "ಊರ ನ್ಯಾಯ ಎಲ್ಲ ನಿನ್ನ ಜಗಲೀಲಿ, ನಿನ್ನ ಮನೆ ನ್ಯಾಯ ಪ್ಯಾಟೇಲಾ?" ಎಂದಳು. ಅವಳ ಕೊಡ ತುಂಬುವ ಮೊದಲೇ ಅದನ್ನು ಸರಿಸಿ ನನ್ನ ಕೊಡ ಇಟ್ಟೆ.

ದೀಪಾವಳಿಯ ಹಿಂದುಮುಂದಿನ ಒಂದು ಮಂಗಳವಾರ ಆ ಕೋಣೆಯಲ್ಲಿ ದೊಡ್ಡ ಜಗಳವಾಯಿತು. ಮಾದೇವನಿಗೆ ಒಳಗೆ ಕೊರೆಯುತ್ತಿದ್ದದ್ದು ಬೇರೆ. ಎಸ್ಸೆಸ್ಸೆಲ್ಸಿ ಫೇಲಾದ ತಾನು, ಪಿಯುಸಿ ಓದಿ ಕೆಲಸಕ್ಕೂ ಹೋಗುವ ಹೆಂಡತಿಯ ಮುಂದೆ ಸಣ್ಣವನಾಗುತ್ತೇನೆ ಎಂದು. ಅದನ್ನು ನನಗೂ ಹೇಳಿರಲಿಲ್ಲ. ಅವಳ ಮುಂದೆ ಹೇಳಿದ, ಹೇಳಿ ನಾಚಿಕೆಯಾಗಿ ಅವಳ ಮೇಲೆಯೇ ರೇಗಿದ. ಅವಳೂ ಬಿಡಲಿಲ್ಲ, "ನಿಮ್ಮನ್ನ ಸಣ್ಣೋರು ಅಂತ ನಾನು ಯಾವತ್ತು ಕಂಡಿದ್ದೆ? ನೀವೇ ಕಂಡ್ಕಂಡು ನನ್ನ ಮೇಲೆ ಆಕ್ತೀರಾ?" ಎಂದು ಅತ್ತುಕೊಂಡು ಮೆಟ್ಟಿಲು ಇಳಿದು ಹೋದಳು.

ಸುಳ್ಳು ಯಾಕೆ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮೇಡಂ ಕಡೆಗೆ ತಿರುಗಿ, "ಆಯ್ತಾ? ಬುಡಿಸಿದೆಯಲ್ಲವ್ವ ಗಂಟು" ಎಂದೆ.

"ಇಷ್ಟು ದಿನ ಇಬ್ರೂ ಜಗಳ ಆಡಿರಲೇ ಇಲ್ಲಮ್ಮ" ಎಂದಳು ಅವಳು. "ಇವತ್ತು ಆಡಿದ್ರು. ನೇರವಾಗಿ."

"ಜಗಳ ಆಡಿಸೋಕಾ ನಿನಗೆ ಸಂಬಳ?"

"ನೀವು ಮುಂದಿನ ವಾರ ಒಬ್ಬರೇ ಒಂದು ಗಂಟೆ ಮೊದಲು ಬನ್ನಿ. ನಿಮ್ಮ ಮಾತು ನಾನು ಕೇಳೇ ಇಲ್ಲ."

ಅವಳಿಗೆ ಸರಿಯಾಗಿ ಹೇಳಿಬಿಡಬೇಕೆಂದೇ ಹೋದೆ. ಹೋಗಿ ಕೂತು ಬೈದೆ. ಮನೆ ಒಡೆದೆ ಎಂದೆ, ಮಗನ ಬಾಯಿಗೆ ಬೀಗ ಹಾಕಿದೆ ಎಂದೆ, ಮದುವೆಯಾಗದವಳು ಎಂದೂ ಎಂದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ ಅವಳದೇ ಆಟ ಆಡಿದಳು. "ನನಗೆ ಕೇಳಿಸಿದ್ದು ಹೇಳ್ತೀನಿ, ಸರೀನಾ ನೋಡಿ. ಮಗ ಈಗ ನಿಮ್ಮ ಹತ್ರ ಏನೂ ಹೇಳಲ್ಲ. ನಿಮಗೆ ಮನೇಲಿ ಮಾತಾಡೋಕೆ ಯಾರೂ ಇಲ್ಲ."

ಮೊದಲನೆಯದನ್ನು ನಾನು ಹೇಳಿದ್ದೆ. ಎರಡನೆಯದನ್ನು ಹೇಳಿರಲಿಲ್ಲ.

"ಯಾಕಿಲ್ಲ? ಊರೆಲ್ಲ ಅದೆ ಮಾತಾಡೋಕೆ."

"ನಿಮ್ಮ ಯಜಮಾನರು?"

"ನಮ್ಮಲ್ಲಿ ಆ ರೂಢಿ ಇಲ್ಲ."

ಅವಳು ಸುಮ್ಮನಾದಳು. ಕೆಳಗೆ ಪುಡಿ ಮಾಡುವ ಯಂತ್ರ ಗಿರ್ರೆನ್ನುತ್ತಿತ್ತು. ಅವಳ ಆ ಮೌನ ನನಗೆ ಗೊತ್ತಿತ್ತು, ಕಿಟಕಿಯ ಪಕ್ಕ ಕೂತು ವಾರಗಟ್ಟಲೆ ನೋಡಿದ್ದೆ. ಅದರೊಳಕ್ಕೆ ಬಿದ್ದವರು ಎಲ್ಲ ಕಕ್ಕಿಬಿಡುತ್ತಾರೆ. ನಾನು ಬೀಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದೆ.

"ಮತ್ತೆ ಯಾವಾಗ್ಲಾದ್ರೂ ಬನ್ನಿ" ಎಂದಳು.

"ನಂಗೇನಾಗಿದೆ ಬರೋಕೆ?" ಎಂದು ಬಾಗಿಲು ತೆಗೆದೆ.

ಮೆಟ್ಟಿಲ ಮೇಲೆ ಮಾದೇವನೂ ಶಶಿಯೂ ಕೂತಿದ್ದರು. ಹೋದ ವಾರ ಅತ್ತುಕೊಂಡು ಹೋದವಳು ಮುಂಚೆಯೇ ಬಂದಿದ್ದಳು, ಅವನೂ ಮುಂಚೆಯೇ ಬಂದಿದ್ದ. ಕಿರಿದಾದ ಮೆಟ್ಟಿಲು, ಭುಜಕ್ಕೆ ಭುಜ ತಾಗುತ್ತಿತ್ತು. ಮಗು ಅವನ ತೊಡೆಯ ಮೇಲೆ. ಮೇಡಂ ಇಲ್ಲ, ನಾನಿಲ್ಲ, ಯಾರೂ ಇಲ್ಲ, ಆದರೂ ಮಾತಾಡುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ದಾರಿ ಬಿಡಲು ಇಬ್ಬರೂ ಒಂದೇ ಕಡೆಗೆ ಸರಿದರು. ಅವರನ್ನು ದಾಟಿ ಇಳಿಯುವಾಗ, ಮೇಡಂ ಮೇಲಿದ್ದ ಉರಿಯೆಲ್ಲ ಸರಕ್ಕನೆ ಶಶಿಯ ಮೇಲೆ ತಿರುಗಿತು. ಮಗನನ್ನು ಕಿತ್ತುಕೊಂಡಳು ಎಂದಲ್ಲ. ಗಂಡ ಪಕ್ಕದಲ್ಲಿ ಕೂತು, ಅವಳ ಮುಖವನ್ನೇ ನೋಡಿಕೊಂಡು, ಅವಳಿಗೇ ಮಾತಾಡುತ್ತಿದ್ದನಲ್ಲ, ಅದಕ್ಕೆ.

ಅದಾದ ಮೇಲೆ ನಾನು ನಂಜನಗೂಡಿಗೆ ಹೋಗುವುದನ್ನು ನಿಲ್ಲಿಸಿದೆ. ಅವರಿಬ್ಬರೇ ಹೋಗಿ ಬಂದರು. ಭತ್ತ ಹಣ್ಣಾಯಿತು, ಬೆಳಗಿನ ಮಂಜು ಬಿತ್ತು, ಕೊಯ್ಲು ಶುರುವಾಯಿತು. ಕಣದಲ್ಲಿ ಹುಲ್ಲಿನ ಮೆದೆ ಹಾಕುತ್ತಿದ್ದ ದಿನ ಶಶಿ ಮಗುವಿನೊಂದಿಗೆ ಬಸ್ಸಿಳಿದು ನಡೆದುಕೊಂಡು ಬಂದಳು. ಅಣ್ಣನೂ ಜೊತೆಗಿರಲಿಲ್ಲ, ಹಿರಿಯರೂ ಇರಲಿಲ್ಲ. ನ್ಯಾಯ ಎನ್ನುವುದು ನಡೆಯಲೇ ಇಲ್ಲ. ಯಾರದು ತಪ್ಪು ಎಂದು ಕೊನೆಗೂ ಯಾರೂ ತೀರ್ಮಾನಿಸಲಿಲ್ಲ. ನನಗೆ ಅದು ಇವತ್ತಿಗೂ ಸರಿ ಕಾಣುವುದಿಲ್ಲ. ಬಂದವಳನ್ನು ಒಳಗೆ ಕರೆದೆ. ಮಗುವಿಗೆ ಹಾಲು ಕಾಯಿಸಿದೆ. ಅಷ್ಟು ಮಾಡಬಲ್ಲೆ.

ಮೇಡಂ ಹೇಳಿಕೊಟ್ಟಿದ್ದ ಇನ್ನೊಂದು ಪಥ್ಯವನ್ನು ಅವರು ಮನೆಯಲ್ಲೂ ನಡೆಸಿದರು. ದಿನವೂ ಸಂಜೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಇಬ್ಬರೇ ಹಿತ್ತಿಲ ಬಾಗಿಲಲ್ಲಿ ಕೂರಬೇಕು, ಮೂರನೆಯವರು ಹೋಗಬಾರದು. ನಾನು ಹೋಗುತ್ತಿರಲಿಲ್ಲ. ಹಿತ್ತಿಲಿಗೆ ಒತ್ತಿದ ಒಳಕೋಣೆಯಲ್ಲಿ ನನಗೆ ಅದೇ ಹೊತ್ತಿಗೆ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಏನು ಮಹಾ ಮಾತಾಡುತ್ತಿದ್ದರು? ಟ್ರ್ಯಾಕ್ಟರ್ ಟೈರು, ಅವಳ ಕಾರ್ಖಾನೆಯ ವ್ಯಾನು ಬರುವ ಹೊತ್ತು, ಚೈತ್ರಳ ಮೂಗು ಅವನ ಹಾಗೋ ಅವಳ ಹಾಗೋ. ಅಷ್ಟಕ್ಕೆ ಆ ನಗು. ಅವರೇಕಾಯಿ ಸೊಗಡಿನ ಸಂಜೆಗಳು ಅವು. ಆ ನಗು ಕೇಳಿಸಿದಾಗಲೆಲ್ಲ ಪಾತ್ರೆ ಸದ್ದು ಮಾಡಿಸುತ್ತಿದ್ದೆ.

ಹಾಗೇ ಒಂದು ಸಂಜೆ, ಶಶಿ ಒಲೆಯ ಮುಂದಿದ್ದಳು. ರೂಢಿಯಂತೆ, "ನಿಮ್ಮಾವಂಗೆ ಕೇಳವ್ವ, ರಾತ್ರಿಗೆ ಮುದ್ದೆನೋ ಅನ್ನನೋ" ಎಂದೆ.

"ನೀವೇ ಕೇಳಿ ಅತ್ತೆ" ಎಂದಳು. ಸಿಟ್ಟಿನಿಂದಲ್ಲ, ಉರಿಯುವ ಸೌದೆಯನ್ನು ಒಳಗೆ ತಳ್ಳುತ್ತಾ. "ಜಗಲೀಲೇ ಕುಂತವ್ರಲ್ಲ."

"ಏನಂದೆ?"

"ನಾನು ಇನ್ಮೇಲೆ ಯಾರ ಮಾತೂ ಒರಲ್ಲ ಅತ್ತೆ. ಬುಟ್ಬುಟ್ಟಿದ್ದೀನಿ."

ಮದುವೆಯಾಗದ ಮೇಡಂ ನನ್ನ ಅಡುಗೆಮನೆಗೂ ಬಂದು ಕುರ್ಚಿ ಸರಿಸುತ್ತಿದ್ದಾಳೆ ಅನ್ನಿಸಿತು. ಈ ಹುಡುಗಿಗೆ ಇಪ್ಪತ್ತಾರಕ್ಕೇ ಎಲ್ಲ ಬೇಕು, ಎಲ್ಲ ಬಂತು. ನನಗೆ? ದಡದಡನೆ ಹೊರಗೆ ಬಂದೆ. ನಮ್ಮೆಜಮಾನರು ಕಂಬಕ್ಕೆ ಒರಗಿ ಮೊರದ ತುಂಬ ಅವರೇಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಎದುರಿಗೆ ನಿಂತೆ.

"ರಾತ್ರಿಗೆ ಮುದ್ದೆನೋ, ಅನ್ನನೋ?"

ಅವರು ಹಿಂದೆ ತಿರುಗಿ ಬಾಗಿಲ ಕಡೆ ನೋಡಿದರು. ಆಮೇಲೆ ಬೀದಿಯ ಕಡೆ. ಯಾರೂ ಇರಲಿಲ್ಲ.

"ಯಾರ್ಗೆ ಕೇಳ್ತಿದ್ದೀಯೆ?"

"ಕಂಬಕ್ಕೆ."

"ಕಂಬ ಏನಂತು?"

ನಾನು ಅಲ್ಲೇ ಕೂತುಬಿಟ್ಟೆ. ಈ ಮನುಷ್ಯನಿಗೆ ತಮಾಷೆ ಬರುತ್ತದೆ ಎನ್ನುವುದು ಮೊಮ್ಮಗಳು ಹುಟ್ಟಿದ ಮೇಲೆ ನನಗೆ ಗೊತ್ತಾಗಬೇಕೆ? ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದರೋ.

"ಮುದ್ದೆನೇ ಮಾಡು" ಎಂದರು, ಕಾಯಿ ಸುಲಿಯುತ್ತಾ. "ಸಾರ್ಗೆ ಉಪ್ಪು ಒಸಿ ಕಮ್ಮಿ ಆಕು."

"ಯಾಕೆ, ಜಾಸ್ತಿ ಆಯ್ತಿತ್ತಾ?"

"ಮೊದ್ಲಿಂದ್ಲೂ ಜಾಸ್ತಿನೇಯ."

"ಏಳ್ಬಾರ್ದಾಗಿತ್ತಾ ಮತ್ತೆ?"

"ಅವ್ವಂಗೆ ಏಳ್ತಾನೇ ಇದ್ನಲ್ಲ."

ನಮ್ಮತ್ತೆ ಯಾವತ್ತೂ ನನಗೆ ತಂದು ಕೊಟ್ಟದ್ದು ಒಂದೇ ಮಾತು: "ಚೆನ್ನಾಗದೆಯಂತೆ ಕಣವ್ವ." ಕೈ ತಾನಾಗಿ ಮೊರದ ಕಡೆ ಹೋಯಿತು, ನಾನೂ ಒಂದು ಹಿಡಿ ಎಳೆದುಕೊಂಡೆ. ನಮ್ಮತ್ತೆಯೂ ಮಾತು ಆರಿಸುವುದರಲ್ಲಿ ಗಟ್ಟಿಗಿತ್ತಿ. ಇನ್ನು ಏನೇನನ್ನು ಆರಿಸಿ ಬಿಸಾಕಿದ್ದಳೋ.

ನನ್ನ ಮನಸ್ಸಿನಲ್ಲಿ ಒಂದಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮೇಡಂ ಕೋಣೆಯಲ್ಲೂ ಅದು ಗಂಟಲವರೆಗೆ ಬಂದಾಗಲೇ ಎದ್ದು ಬಂದದ್ದು. ಮಾದೇವ ಕೈಕೂಸಾಗಿದ್ದಾಗ ತಗಡೂರಿನ ಕಡೆಯ ನನ್ನ ತವರಿನಿಂದ ಸುದ್ದಿ ಬಂತು, ನಮ್ಮವ್ವ ತೀರಿಕೊಂಡಳೆಂದು. ನಮ್ಮೆಜಮಾನರು ಗದ್ದೆಯಲ್ಲಿದ್ದರು. ಅತ್ತೆ ಹೋಗಿ ಹೇಳಿ ಬಂದಳು. ಬಂದವಳು, "ಓಗ್ಬರ್ಬೇಕಂತೆ" ಎಂದಳು. ಅಷ್ಟೇ. ಕೂಸನ್ನು ಎತ್ತಿಕೊಂಡು ಒಬ್ಬಳೇ ಬಸ್ಸು ಹತ್ತಿದೆ. ನನ್ನ ಅವ್ವನ ಹೆಣದ ಮುಂದೆ ಒಬ್ಬಳೇ ಕೂತೆ. ಅವರು ಬಂದದ್ದು ತಿಥಿಗೆ, ಮಿಕ್ಕ ನೆಂಟರು ಬಂದ ಹಾಗೆ. ಅವತ್ತೇ ಈ ಮನುಷ್ಯನನ್ನು ನನ್ನ ಮನಸ್ಸಿನಿಂದ ಎತ್ತಿ ಹೊರಗಿಟ್ಟಿದ್ದೆ.

"ನಮ್ಮವ್ವ ತೀರ್ಕಂಡಾಗ" ಎಂದೆ. "ಗದ್ದೇಲಿದ್ರಲ್ಲ. ನಿಮ್ಮವ್ವನ ಕೈಲಿ ಏನ್ ಏಳಿ ಕಳಿಸಿದ್ರಿ ನೀವು?"

ಅವರ ಕೈ ನಿಂತಿತು. ನನ್ನ ಮುಖ ನೋಡಿದರು.

"ನಿಲ್ಲು, ಕಾಲು ತೊಳ್ಕಂಡು ಬತ್ತೀನಿ, ಜೊತೇಲೇ ಓಗವ ಅಂದಿದ್ದೆ. ಬಂದು ನೋಡಿದ್ರೆ ನೀನು ಓಗ್ಬುಟ್ಟಿದ್ದೆ." ಒಂದು ಕಾಯಿ ಸುಲಿದು ಮೊರಕ್ಕೆ ಹಾಕಿದರು. "ನನ್ನ ಜೊತೆ ಬರೋಕೆ ನಿಂಗೆ ಮನ್ಸಿಲ್ವೇನೋ ಅನ್ಕಂಡೆ. ಅದಕ್ಕೇ ನಿನ್ನ ಇಂದ್ಗಡೆಯಿಂದ ಬರ್ನಿಲ್ಲ."

ಇನ್ನೊಂದು ಹಿಡಿ ಕಾಯಿ ಎಳೆದುಕೊಂಡೆ. ಸುಲಿದೆ. ಅವರೂ ಸುಲಿದರು. ಅಷ್ಟರಲ್ಲಿ ಒಲೆ ಬಿಟ್ಟು ಹಿತ್ತಿಲಿಗೆ ಹೋಗಿದ್ದ ಶಶಿಯೂ ಮಾದೇವನೂ ಏನಕ್ಕೋ ಗಟ್ಟಿಯಾಗಿ ನಕ್ಕರು.

"ಒಸಿ ಮೆಲ್ಲಗೆ ನಗ್ರೋ!" ಎಂದು ಕೂಗಿದೆ.

"ನಗ್ಲಿ ಬುಡಮ್ಮಿ" ಎಂದರು ಇವರು.

ನಗಲಿ. ನಾನೇನು ಬೇಡ ಅಂದೆನೆ? ಆದರೆ ಅವತ್ತು ಆ ನಗು ಕೇಳಿ ನನ್ನ ಹೊಟ್ಟೆ ಉರಿದ ಹಾಗೆ ಹಿಂದೆಂದೂ ಉರಿದಿರಲಿಲ್ಲ.